ಜೂಬಾನ ಚಕಮಕಿ ಕಲ್ಲು

"ಭೇಷ್ ಸೈಲಸ್! ಕೋವಿ ಅಂದ್ರೆ ಹೀಗಿರ್ಬೇಕು!" ನಳಿಗೆಯ ಹೊಳಪಿಗೆ ಮರುಳಾದ ಕ್ಯಾಪ್ಟನ್ ಬೆನ್ನು ತಟ್ಟಿದಾಗ, ಸಾಲಿನ ತುದಿಯಲ್ಲಿ ಡೋಲು ಹೊತ್ತು ನಿಂತಿದ್ದ ಜೂಬಾ ಕೋವಿಯನ್ನೇ ದುರುಗುಟ್ಟಿ ನೋಡಿದ. ಆ ಕೋವಿ ಅವನದು. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರ ವಿರುದ್ಧ ಆರು ವರ್ಷ ಕಾದಾಡಿದ್ದು ಅದನ್ನೇ ಹಿಡಿದು. ಅದರ ಮರ ಅವನ ಕೆನ್ನೆ ಒರಗಿ ಒರಗಿ ನುಣುಪಾಗಿತ್ತು. ಆದರೆ ಅಮೆರಿಕದ ಹೊಸ ಕಾನೂನಿನಂತೆ ಊರಿನ ಪಡೆಯಲ್ಲಿ ಕೋವಿ ಹಿಡಿಯುವವರು ಬಿಳಿಯ ಪ್ರಜೆಗಳು ಮಾತ್ರ. ಜೂಬಾನಂಥ ಕರಿಯನಿಗೆ ಡೋಲು. ಕವಾಯತಿನ ದಿನ ಸೈಲಸ್ ಬಂದು ಕೋವಿ ಕೇಳಿದರೆ, ಅವನ ಗಿರಣಿಯಲ್ಲೇ ದುಡಿಯುವ ಜೂಬಾ ಇಲ್ಲವೆನ್ನುವಂತಿರಲಿಲ್ಲ.

ಕ್ಯಾಪ್ಟನ್ ಎಂದಿನಂತೆ ಸಂವಿಧಾನದ ಹಾಳೆ ಬಿಡಿಸಿ ಗಟ್ಟಿಯಾಗಿ ಓದಿದ: ಆಯುಧ ಹೊಂದುವ ಜನರ ಹಕ್ಕಿಗೆ ಯಾರೂ ಕೈಹಾಕುವಂತಿಲ್ಲ. "ಜನರ" ಎಂದಾಗ ಸೈಲಸ್ ಎದೆಯುಬ್ಬಿಸಿದ. ಮದುಮಗನ ಹಾಗೆ ನಿಂತಿದ್ದಾನೆ ನೋಡು ಎಂದುಕೊಂಡು ಜೂಬಾ ಹಲ್ಲು ಕಡಿದ.

"ಹಾರಿಸಿ!" ನಲವತ್ತು ಕೋವಿಗಳು ಗುಡುಗಿದವು. ಸೈಲಸನ ಕೈಲಿದ್ದದ್ದು ಟಕ್ ಎಂದು ಸುಮ್ಮನಾಯಿತು. ಕಿಡಿ ಹೊತ್ತಿಸುವ ಚಕಮಕಿ ಕಲ್ಲೇ ಅದರಲ್ಲಿರಲಿಲ್ಲ. ಸಾಲಿಗೆ ಸಾಲೇ ನಕ್ಕಿತು.

"ಥೂ ನಿನ್ನ! ಕಲ್ಲಿಲ್ಲದ ಕೋವಿಗೂ ದೊಣ್ಣೆಗೂ ಏನಯ್ಯಾ ವ್ಯತ್ಯಾಸ? ಯಾರ ಹತ್ರನಾದ್ರೂ ಇನ್ನೊಂದು ಕಲ್ಲಿದ್ಯೇನ್ರೋ?" ಎಂದು ಕ್ಯಾಪ್ಟನ್ ಕೂಗಿದ.

ಬೆಳಿಗ್ಗೆ ಕೋವಿ ಕೊಡುವ ಮುಂಚೆ ತಾನೇ ಬಿಚ್ಚಿಟ್ಟುಕೊಂಡಿದ್ದ ಕಲ್ಲನ್ನು ಜೂಬಾ ಕಿಸೆಯಿಂದ ತೆಗೆದ. ಸೈಲಸ್ ಕೈಚಾಚಿದ: "ಕೊಡೋ ಇಲ್ಲಿ!"

ಜೂಬಾ ಮುಷ್ಟಿ ಬಿಗಿಹಿಡಿದ. "ಹಾಕೋಕೆ ನಿಮಗೆ ಬರಲ್ಲ ಯಜಮಾನ್ರೇ. ಕೋವಿನೇ ಇಲ್ಲಿ ಕೊಡಿ." ಎಲ್ಲರೂ ನೋಡುತ್ತಿದ್ದಂತೆ ತನ್ನ ಡೋಲನ್ನು ಕಳಚಿ ಸೈಲಸನ ಕೊರಳಿಗೆ ಹಾಕಿದ. "ನಾನು ಕಲ್ಲು ಹಾಕೋವರೆಗೂ ಇದನ್ನ ಬಾರಿಸ್ತಾ ಇರಿ."