ನಡೀತದ್ರಿ

ಹೆಲಿಕಾಪ್ಟರ್ ಎದ್ದೇಬಿಟ್ಟಿತು. ಒಳಗೆ ಉಸಿರಿಗಾಗಿ ಒದ್ದಾಡುತ್ತಿದ್ದ ಕೂಸು, ಅದನ್ನು ಮಡಿಲಲ್ಲಿಟ್ಟುಕೊಂಡ ನರ್ಸ್ ಶರೀಫಾಬೀ. ಕೂಸಿನ ತಾಯಿ ಮರಿಲಿಂಗಮ್ಮ ಮಾತ್ರ ಶಾಲೆಯ ಮೈದಾನದಲ್ಲಿ ನಿಂತುಬಿಟ್ಟಿದ್ದಳು. "ಯಪ್ಪಾ, ನನ್ನ ಕೂಸು! ನಾ ಇನ್ನಾ ಹತ್ತಿಲ್ರೀ!" ಎಂದು ಅವಳು ಚೀರಿದ್ದು ಆ ಸದ್ದಿನಲ್ಲಿ ಪಕ್ಕದವರಿಗೂ ಕೇಳಲಿಲ್ಲ.

ಪೇದೆ ಪರಿಮಳಾ ಕೈ ಬೀಸಿದಳು, ಹೆಲಿಕಾಪ್ಟರ್ ನಿಲ್ಲಲಿಲ್ಲ. ಹೊಳೆ ಬಂದು ಕಕ್ಕೇರಾ ಕಡೆಯ ದಾರಿ ಮುಳುಗಿದ ಮೇಲೆ, ಔಷಧಿ ತರುವ ಹೆಲಿಕಾಪ್ಟರಿಗೆ ಮೈದಾನದಿಂದ ಇಳಿ, ಏಳು ಎಂದು ಹೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ವಿಮಾನ ನಿಲ್ದಾಣಗಳಲ್ಲಿ ಇದಕ್ಕೆಂದೇ ಎತ್ತರದ ಗೋಪುರ ಕಟ್ಟಿ, ಕಲಿತವರನ್ನು ಕೂರಿಸಿರುತ್ತಾರಂತೆ. ಇಲ್ಲಿ ಗೋಪುರವೂ ಪರಿಮಳಾ, ಕಲಿತವಳೂ ಪರಿಮಳಾ. ಕೈಗೊಂದು ವೈರ್‌ಲೆಸ್ ಸೆಟ್ ಕೊಟ್ಟು, ಗುಂಡಿ ಒತ್ತಿ ಮಾತಾಡಿ, ಬಿಟ್ಟು ಕೇಳಿ ಎಂದು ಪೈಲಟ್ಟೇ ಬೆಳಿಗ್ಗೆ ಪಾಠ ಹೇಳಿಹೋಗಿದ್ದ. ಈಗ ಆ ಗುಂಡಿಯನ್ನು ಬಲವಾಗಿ ಒತ್ತಿದಳು.

"ಸರ್, ಇಳೀರಿ! ತಾಯಿ ಇಲ್ಲೇ ಉಳಿದಾಳ್ರಿ!"

"ಏನು? ನೀವೇ ತಾನೆ ನಡೀರಿ ಅಂದಿದ್ದು?"

"ನಾ ಎಲ್ಲಿ ಅಂದೇನ್ರಿ? ನಡೀತದ್ರಿ ಅಂದೆ!"

"ಅದೇ ಹೇಳ್ತಿರೋದು. ನಡೀರಿ ಅಂದ್ರಿ, ನಾನು ಎತ್ತಿದೆ!"

ಆಗಿದ್ದಿಷ್ಟೇ. "ನರ್ಸ್ ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಜಾಗ ಇದೆ. ತಾಯಿ ಬರಲಿ, ತಂದೆ ಬೇಡ. ಪರವಾಗಿಲ್ವಾ?" ಎಂದು ಪೈಲಟ್ ಕೇಳಿದ್ದ. ಪರಿಮಳಾ ನಡೀತದ್ರಿ ಎಂದಿದ್ದಳು. ಈ ಸೀಮೆಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ ಬಿದ್ದರೂ ನಡೀತದ, ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಡೀತದ, ನೋಡಬಂದ ಗಂಡು ಸ್ವಲ್ಪ ಕುಳ್ಳನಾದರೂ ನಡೀತದ. ಕೂತ ಜಾಗದಿಂದ ಏಳದೆ ಆಡುವ ಮಾತು ಅದು. ರೆಕ್ಕೆಯ ಸದ್ದು ನಡುವಿನದನ್ನು ನುಂಗಿಹಾಕಿತು, ಮೈಸೂರು ಕಡೆಯ ಆ ಪೈಲಟ್ಟನ ಕಿವಿಗೆ ನಡೀರಿ ಎಂದಷ್ಟೇ ಬಿತ್ತು. ಹಿಂದಿನ ಬಾಗಿಲು ಅವನಿಗೆ ಕಾಣುವಂತಿರಲಿಲ್ಲ. ಕೆಸರು ಸಿಡಿದೀತೆಂದು ಶರೀಫಾಬೀ ಅದನ್ನು ಎಳೆದುಕೊಂಡಿದ್ದಳು, ತಾಯಿ ಹತ್ತಿದ್ದಾಳೆಂದೇ ಅವನು ತಿಳಿದ. ಅಲ್ಲ, ಒಂದು ಮಾತಿನ ನಡು ಮುರಿದರೆ ಅಷ್ಟು ದೊಡ್ಡ ಯಂತ್ರ ನೆಲ ಬಿಟ್ಟು ಏಳುತ್ತದೆಯೇ? ಆ ಗಾಬರಿಯಲ್ಲೂ ಪರಿಮಳಾಳಿಗೆ ಸೋಜಿಗವಾಯಿತು.

ಹೆಲಿಕಾಪ್ಟರ್ ಊರ ಮೇಲೆ ಒಂದು ಸುತ್ತು ಹಾಕಿ ತಿರುಗಿತು. "ಇಳೀತೀನಿ. ಆದ್ರೆ ಮೋಡ ಕವೀತಾ ಇದೆ, ಇದೇ ಕೊನೆ. ಇನ್ನೊಂದ್ಸಲ ತಪ್ಪಾದ್ರೆ ಇವತ್ತು ಹಾರೋಕಾಗಲ್ಲ." ನಾಳೆಯ ತನಕ ಆ ಕೂಸು ತಡೆಯುವುದಿಲ್ಲವೆಂದು ಶರೀಫಾಬೀ ಮೊದಲೇ ಹೇಳಿದ್ದಳು.

ಹೆಲಿಕಾಪ್ಟರ್ ಇಳಿಯುತ್ತಲೇ ಮರಿಲಿಂಗಮ್ಮ ಬಗ್ಗಿ ಓಡಿದಳು. ಗಂಡ ಈಶಪ್ಪ ಅವಳನ್ನು ಒಳಗೆ ಹತ್ತಿಸಿ, ಕೂಸಿನ ಅಂಗಾಲು ಮುಟ್ಟಿ, ಬಾಗಿಲು ಹಾಕಿದ್ದನ್ನು ನೋಡಿಕೊಂಡು ಹಿಂದಕ್ಕೆ ಬಂದು ಪರಿಮಳಾಳ ಪಕ್ಕಕ್ಕೇ ನಿಂತ.

"ಮೇಡಂ, ಸರಿಯಾಗಿ ಕೇಳಿಸ್ಕೊಳ್ಳಿ," ಎಂದ ಪೈಲಟ್. "ಎರಡೇ ಮಾತು. ನಿಲ್ಲಿ, ಇಲ್ಲಾಂದ್ರೆ ಹೋಗಿ. ಬೇರೆ ಏನೂ ಬೇಡ. ಆಯ್ತಾ?"

"ನಡೀ..." ಪರಿಮಳಾ ನಾಲಿಗೆ ಕಚ್ಚಿಕೊಂಡಳು. "ತಿಳೀತ್ರಿ ಸರ್."

ಹೆಲಿಕಾಪ್ಟರಿನ ಹತ್ತಿರ ಯಾರೂ ಇಲ್ಲ, ಬಾಗಿಲು ಭದ್ರವಾಗಿದೆ. ಮತ್ತೊಮ್ಮೆ ನೋಡಿ ಖಾತ್ರಿ ಮಾಡಿಕೊಂಡು ಗುಂಡಿ ಒತ್ತಿದಳು. "ಹೋಗಿ ಬರ್ರಿ!"

"ಬರ್ರಿ ಅಂದ್ರಾ? ಇನ್ಯಾರು ಬರ್ತಿದಾರೆ?"

"ಯಾರೂ ಇಲ್ರಿ! ಎಲ್ಲಾರೂ ಒಳಗ ಹತ್ತ್ಯಾರ!"

"ಹಾಗಾದ್ರೆ ಒಂದೇ ಮಾತು ಹೇಳಿ ಮೇಡಂ. ಹೋಗ್ಲಾ, ನಿಲ್ಲಲಾ?"

ಪರಿಮಳಾ ಗುಂಡಿ ಒತ್ತಲಿಲ್ಲ. ಹಾಲು ಹಾಕುವವನಿಗೂ, ಜಗಳಾಡಿಕೊಂಡು ಹೊರಟ ನೆಂಟರಿಗೂ ಅವಳು ಬರೀ ಹೋಗಿ ಅಂದವಳಲ್ಲ. ಈಗ ಅನ್ನಬೇಕಾಗಿರುವುದು ಯಾರಿಗೆ? ಉಸಿರು ಹಿಡಿದುಕೊಂಡಿರುವ ಕೂಸಿಗೆ!

"ಬರೇ ಅಷ್ಟ ಅನಬ್ಯಾಡ್ರಿ ಅಕ್ಕಾರ," ಎಂದ ಈಶಪ್ಪ. "ಒಳಗ ಕೂಸು ಅದ."

"ಏನ್ ಮಾಡ್ಲೋ ಯಪ್ಪಾ? ಎರಡೂ ಮಾತು ಕೂಡ್ಸಿ ಅಂದ್ರ ಅವರಿಗೆ ತಿಳೀವಲ್ದು."

"ಮೇಡಂ, ಮೋಡ!"

ಪರಿಮಳಾ ಗುಂಡಿ ಒತ್ತಿದಳು. ಸೆಟ್ಟನ್ನು ತುಟಿಗೆ ತಾಗಿಸಿ, ಸ್ಪಷ್ಟವಾಗಿ, ಒಂದೇ ಮಾತು ಹೇಳಿದಳು. "ಹೋಗಿ."

ಹೇಳಿದ್ದೇ ಅವಳಿಗೆ ಅಳು ಬಂತು. ಹೆಲಿಕಾಪ್ಟರ್ ನೆಲ ಬಿಟ್ಟಿತು. ಈಶಪ್ಪ ಮುಂದಕ್ಕೆ ಬಾಗಿದ, ಅವಳ ಕೈಯಲ್ಲಿದ್ದ ಸೆಟ್ಟಿನ ಹತ್ತಿರ ಬಾಯಿ ತಂದು ಗಂಟಲು ಹರಿಯುವಂತೆ ಕೂಗಿದ.

"ಬರ್ರೀ!"

ಪರಿಮಳಾಳ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಅಯ್ಯೋ, ಈಗ ಮತ್ತೆ ಇಳಿದಾನು ಎಂದು ಗಾಬರಿಯಾಗಿ ಬೆರಳು ತೆಗೆದಳು. ಸೆಟ್ಟು ಗರಗರ ಎಂದಿತು. ಹೆಲಿಕಾಪ್ಟರ್ ಇಳಿಯಲಿಲ್ಲ, ತಿರುಗಲಿಲ್ಲ. ಹೊಳೆ ದಾಟಿ ಮೋಡದ ಕಡೆ ಸಣ್ಣದಾಗುತ್ತ ಹೊರಟಿತು.

"ಬರ್ತೀವಿ," ಎಂದ ಪೈಲಟ್.