ಬಂಡೆಯ ಮೇಲಿನ ಕೋಡುಬಳೆ

ಕೋಡುಬಳೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಗುಡ್ಡ ಶುರುವಾಗುವಲ್ಲಿ ಅರಣ್ಯ ಇಲಾಖೆಯ ಒಂದು ಉದ್ಯಾನವಿದೆ. ಅಲ್ಲಿ ಒಂದು ಕೋಡುಬಳೆ ಕಂಡರೂ ಮೇಲಿನವರಿಗೆ ವರದಿ ಹೋಗಬೇಕು. ನಡೆಯುವವರಿಗೊಂದು ಹಾದಿ, ಸೈಕಲ್ಲಿನವರಿಗೊಂದು ಹಾದಿ, ಎರಡರಲ್ಲೂ ತಿಂಡಿ ನಿಷಿದ್ಧ. ತಿಂಡಿ ಇದ್ದಲ್ಲಿ ಕೋತಿ ಬರುತ್ತದೆ, ಕೋತಿ ಬಂದಲ್ಲಿ ಸೈಕಲ್ ಬೀಳುತ್ತದೆ. ಹೋದ ಅಮಾವಾಸ್ಯೆ ಕಡೂರಿನ ಗುರುಮೂರ್ತಿ ಮೇಷ್ಟ್ರು ಹೀಗೇ ಮುಳ್ಳಿನ ಪೊದೆಗೆ ಬಿದ್ದು, ಅಡ್ಡ ಬಂದದ್ದು ಚಿರತೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

ಆದ್ದರಿಂದ ಈ ಅಮಾವಾಸ್ಯೆ ಬೆಳಗ್ಗೆ ಕಾವಲುಗಾರ ತಿಮ್ಮೇಶ್ ಅದೇ ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅಜ್ಜಂಪುರದ ಕಡೆಯವನು, ಇಲ್ಲಿನ ಕೆಲಸವೂ ಹೊಸದು, ಜನವೂ ಹೊಸಬರು.

ಕಳ್ಳ ಬಂದ. ಮಡಿಪಂಚೆ ಉಟ್ಟ ಮುದುಕ. ಸೈಕಲ್ ಹಾದಿಯ ತಿರುವಿನಲ್ಲಿರುವ ಚಪ್ಪಟೆ ಬಂಡೆಯ ಮೇಲೆ ಬಾಳೆಲೆ ಹಾಸಿದ, ಗಂಟು ಬಿಚ್ಚಿ ಒಂದೊಂದೇ ಬಡಿಸಿದ, ಊದುಬತ್ತಿ ಹಚ್ಚಿದ. ಆಮೇಲೆ ಹಿಂದೆ ಸರಿದು ನಿಂತು ಮರದ ಕಡೆ ಮುಖ ಮಾಡಿ "ಕಾ, ಕಾ" ಎಂದು ಕರೆದ.

ತಿಮ್ಮೇಶ್ ಹೊರಗೆ ಜಿಗಿದ. "ಸಿಕ್ಕಿಬಿದ್ರಲ್ಲ ಯಜಮಾನ್ರೇ! ಅಮಾಸೆ ಅಮಾಸೆಗೂ ಇಲ್ಲಿ ಗಲೀಜು ಮಾಡೋರು ನೀವೇನಾ?"

"ಗಲೀಜಲ್ಲ ಕಣಪ್ಪ. ಎಡೆ."

ತಿಮ್ಮೇಶನ ದನಿ ತಾನಾಗಿ ಇಳಿಯಿತು. ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಸಮಾಧಾನವಿಲ್ಲ, ಇದ್ದವರಿಗೆ ನೆಮ್ಮದಿಯಿಲ್ಲ. ಅದು ಅವನಿಗೂ ಗೊತ್ತು. ಅಂಥ ಎಡೆಯನ್ನು ಅವನು ಇಷ್ಟು ದಿನ, ಕಾಗೆ ಕಣ್ಣು ಬಿಡುವ ಮೊದಲೇ, ಗುಡಿಸಿ ಕಸದ ಡಬ್ಬಿಗೆ ಹಾಕುತ್ತ ಬಂದಿದ್ದ.

"ಯಾರಿಗೆ ಅಜ್ಜ?"

"ದೊಡ್ಡ ಮಗಳಿಗೆ. ನಮ್ಮೂರೋರು ಎಡೆ ಇಡೋದು ಇದೇ ಬಂಡೆ ಮೇಲೆ. ನಿಮ್ಮ ಸೈಕಲ್ಲು ಬಂದಿದ್ದು ಈಗ."

"ಮಣ್ಣು ಎಲ್ಲಿ ಮಾಡಿದ್ರಿ?"

"ಮಣ್ಣು ಮಾಡಕ್ಕೆ ಏನು ಉಳಿಸಿ ಹೋಗಿದ್ಲು? ಎಳ್ಳುನೀರು ಬಿಟ್ವಿ."

ಪಾಪ, ಭದ್ರೆಯ ಪಾಲಾಗಿರಬೇಕು ಎಂದುಕೊಂಡ ತಿಮ್ಮೇಶ್.

ಮುದುಕ ನೆಲಕ್ಕೆ ಕೂತ. "ಚಿಕ್ಕವಳು ವಿದ್ಯಾಶ್ರೀಗೆ ಸಿಂಗಟಗೆರೆ ಸಂಬಂಧ ಬಂದದೆ. ದೊಡ್ಡವಳ ಎಡೆ ಮುಟ್ಟಲಿ, ಆಮೇಲೆ ಬತ್ತೀವಿ ಅಂತ ಕಡ್ಡಿ ಮುರಿದಂಗೆ ಹೇಳವ್ರೆ. ಇವತ್ತೂ ಮುಟ್ಟಲಿಲ್ಲ ಅಂದ್ರೆ ಬೇರೆ ಕಡೆ ನೋಡ್ಕೋತಾರೆ. ಕಾಗೆ ಬರೋಗಂಟ ನಾನು ಏಳಾಕಿಲ್ಲ."

ತಿಮ್ಮೇಶ್ ಫಾರೆಸ್ಟರ್ ಭುವನಾ ಮೇಡಂಗೆ ಫೋನ್ ಮಾಡಿದ.

"ಎತ್ತಿ ಬಿಸಾಕು. ಭಾನುವಾರ ಸೈಕಲ್ ರ‍್ಯಾಲಿ ಇದೆ," ಎಂದರು ಮೇಡಂ. "ಯಾರವನು?"

"ಚಿಕ್ಕಬೀರಪ್ಪ ಅಂತೆ, ಇಲ್ಲೇ ಲಿಂಗದಹಳ್ಳಿ."

ಫೋನ್ ಕಟ್ಟಾಯಿತೇನೋ ಎಂದು ತಿಮ್ಮೇಶ್ ಒಮ್ಮೆ ಕಿವಿಯಿಂದ ತೆಗೆದು ನೋಡಿದ.

"ಏನೇನು ಇಟ್ಟಿದಾರೆ?"

"ಕೋಡುಬಳೆ, ರವೆ ಉಂಡೆ, ಉಪ್ಪಲ್ಲಿ ಹಾಕಿದ ನೆಲ್ಲಿಕಾಯಿ."

"ಮುಟ್ಟಬೇಡ. ಬರ್ತಿದೀನಿ."

ಮೇಡಂ ಸೈಕಲ್ಲಿನಲ್ಲೇ ಬಂದರು. ಉದ್ಯಾನದ ಬಾಡಿಗೆ ಸೈಕಲ್ಲುಗಳೆಲ್ಲ ಅವರ ಗಂಡ ಉಮೈರ್ ಅವರ ತರೀಕೆರೆ ಅಂಗಡಿಯವು. ಅವರಿಬ್ಬರ ಬಗ್ಗೆ ಸುತ್ತಲಿನ ಜನ ಬೇಕಾದಷ್ಟು ಆಡಿಕೊಳ್ಳುತ್ತಿದ್ದರು, ಸೈಕಲ್ಲಿನ ಬಗ್ಗೆಯಲ್ಲ.

ಖಾಕಿ ಕಂಡದ್ದೇ ಮುದುಕ ಮುಖ ತಿರುಗಿಸಿ ಮರ ನೋಡತೊಡಗಿದ. ಹೆದರಿದ್ದಾನೆ ಎಂದುಕೊಂಡ ತಿಮ್ಮೇಶ್, ಕೇಳಿದ್ದನ್ನೆಲ್ಲ ಮೇಡಂಗೆ ಒಪ್ಪಿಸಿದ. ಮೇಡಂ ಕೂಡ ಮುದುಕನನ್ನು ನೇರವಾಗಿ ಮಾತಾಡಿಸಲಿಲ್ಲ. ದೊಡ್ಡ ಹುದ್ದೆಯವರು ಹಾಗೇ.

"ತಿಮ್ಮೇಶ್, ಇದನ್ನೆಲ್ಲ ಮಾಡಿದ್ದು ಯಾರು ಅಂತ ಕೇಳು."

"ನಮ್ಮನೆಯೋಳು, ಈರಕ್ಕ. ನಡುಗೋ ಕೈಯಾಗೇ ಸುಟ್ಟು ಕೊಟ್ಲು ಅನ್ನಪ್ಪ."

"ಕೈ ಯಾಕೆ ನಡುಗುತ್ತಂತೆ?"

"ವಯಸ್ಸಾಯ್ತು ಅನ್ನು."

ಒಂದು ಮಾರೂ ದೂರವಿಲ್ಲದ ಇಬ್ಬರ ನಡುವೆ ತಿಮ್ಮೇಶ್ ಅಂಚೆಯವನಾದ. ದಂಡ ಹಾಕುವುದಕ್ಕೆ ಕೋಡುಬಳೆ ಸುಟ್ಟವಳ ಕೈಯ ವಿಚಾರ ಯಾಕೆ ಬೇಕೋ ಅವನಿಗೆ ತಿಳಿಯಲಿಲ್ಲ.

"ಆ ಹುಡುಗ ವಿದ್ಯಾಶ್ರೀಗೆ ಇಷ್ಟಾನಾ, ಕೇಳು."

"ಇಷ್ಟಾನೆ. ಇದು ತಪ್ಪಿಹೋಗ್ತದೆ ಅಂತ ಊಟ ಬಿಟ್ಟು ಕೂತವಳೆ ಅನ್ನು."

ಬಿಸಿಲೇರಿತು. ಕಾಗೆಯ ಸುಳಿವಿಲ್ಲ. ಕೋತಿಗಳು ಮಾತ್ರ ಕೊಂಬೆ ಕೊಂಬೆ ಇಳಿದು, ಕರೆಯದ ನೆಂಟರ ಹಾಗೆ ಎಲೆಯ ಕಡೆ ನೋಡುತ್ತಿದ್ದವು. ತಿಮ್ಮೇಶ್ ಕೋಲು ಬೀಸಿದ. ಮುದುಕನ ಕೂಗು ಒಣಗಿತು. "ಕಾ" ಅನ್ನುವುದು ಕೆಮ್ಮಿನ ಹಾಗೆ ಕೇಳತೊಡಗಿತು.

ಆಗ ಮೇಡಂ ಬೂಟು ಬಿಚ್ಚಿದರು. ಬಂಡೆಯ ಹತ್ತಿರ ಹೋಗಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಕೋಡುಬಳೆ ಮುರಿದು ಬಾಯಿಗಿಟ್ಟುಕೊಂಡರು.

"ಮೇಡಂ! ಅದು ಎಡೆ!" ತಿಮ್ಮೇಶ್ ಕಿರುಚಿದ. "ಸತ್ತೋರದು ಕಣ್ರೀ ಮೇಡಂ!"

ಮೇಡಂ ರವೆ ಉಂಡೆಗೆ ಕೈ ಹಾಕಿದರು. ಆಮೇಲೆ ನೆಲ್ಲಿಕಾಯಿ. ನಿಧಾನವಾಗಿ, ಒಂದನ್ನೂ ಬಿಡದೆ.

ಮುದುಕ ಈಗ ರೇಗುತ್ತಾನೆ ಎಂದು ತಿಮ್ಮೇಶ್ ಕಾದ. ಮುದುಕ ರೇಗಲಿಲ್ಲ. ಎದ್ದ, ಪಂಚೆಯ ಧೂಳು ಕೊಡವಿದ, ಬಂಡೆಯ ಕಡೆ ನೋಡದೆಯೇ ಕೈ ಮುಗಿದ.

"ಮುಟ್ತು ಕಣಪ್ಪ," ಎಂದ ತಿಮ್ಮೇಶನಿಗೆ. "ಸಿಂಗಟಗೆರೆಯೋರು ಬಂದು ಕೇಳಿದ್ರೆ, ಕಾಗೆ ಬಂದಿದ್ದು ನಾನೂ ಕಂಡೆ ಅನ್ನು."

ತಿಮ್ಮೇಶ್ ಮರ ನೋಡಿದ. ಕಾಗೆ ಇರಲಿಲ್ಲ. ಮೇಡಂ ಕಡೆ ನೋಡಿದ. ಅವರು ಬಾಯಿ ತುಂಬಿದ್ದರಿಂದ ತಲೆ ಮಾತ್ರ ಆಡಿಸಿದರು.

"ಹೂಂ ಅಜ್ಜ. ಕಂಡೆ."

ಮುದುಕ ನಡೆಯುವವರ ಹಾದಿ ಹಿಡಿದು ಇಳಿದುಹೋದ. ಎಡೆ ಇಟ್ಟವರು ತಿರುಗಿ ನೋಡಬಾರದು, ನೋಡಲಿಲ್ಲ. ಮೇಡಂ ಎಲೆಯನ್ನು ತಾವೇ ಮಡಚಿದರು.

ಮುಂದಿನ ತಿಂಗಳು ವಿದ್ಯಾಶ್ರೀಯ ಮದುವೆ ನಡೆಯಿತು; ಅವಳ ಅಕ್ಕ ಭುವನಾ ಆ ದಿನ ಉದ್ಯಾನದಲ್ಲಿ ಡ್ಯೂಟಿಯಲ್ಲಿದ್ದಳು.