ಏಣಿ ಇಲ್ಲದ ಚೀಟಿ

ಮೂರು ಚೀಟಿಗಳಲ್ಲಿ ಮೊದಲ ಸ್ಥಾನ ಏಣಿಗೆ, ಅಂದರೆ ಎತ್ತರದಿಂದಾಗಿ ಆ ಅಡ್ಡಹೆಸರು ಪಡೆದ ಊರಿನ ಆಟಗಾರನಿಗೆ. ನಾಲ್ಕನೆಯದರಲ್ಲಿ ಅವನ ಹೆಸರೇ ಇಲ್ಲ. ಕ್ರೀಡಾ ಸಂಪಾದಕ ಆ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಲ್ಲಿ ಹೇಗೆ ಇದ್ದೀತು, ಪಾಪ!

“ಈ ವಾರವೂ ಯಾರೋ ಹೊಟ್ಟೆಕಿಚ್ಚು ತೀರಿಸಿಕೊಂಡಿದ್ದಾರೆ,” ಎಂದ. ಮೇಜಿನ ಸುತ್ತ ಕೂತಿದ್ದ ಮೂವರೂ ಕಾಫಿ ಲೋಟ ಎತ್ತಿಕೊಂಡರು.

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಗಿ ಮೂರು ವಾರವಾಗಿತ್ತಷ್ಟೆ. ಸೀಸನ್ನಿಗೆ ಇನ್ನೂ ಹಾಲುಹಲ್ಲು. ಆದರೂ ಪತ್ರಿಕೆ ವಾರವಾರವೂ ಅತ್ಯಮೂಲ್ಯ ಆಟಗಾರರ ಹತ್ತು ಹೆಸರಿನ ಪಟ್ಟಿ ಹಾಕುತ್ತಿತ್ತು. ತೀರ್ಪುಗಾರರು ನಾಲ್ವರು: ಸಂಪಾದಕ, ನಿವೃತ್ತ ರೆಫರಿ, ರೇಡಿಯೋದ ಕಾಮೆಂಟರಿಯವ, ಮತ್ತು ಪತ್ರಿಕೆಯಲ್ಲೇ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಸಂಪಾದಕನ ಮಗಳು. ಚೀಟಿ ಟೈಪು ಮಾಡಿದ್ದು, ಸಹಿ ಇಲ್ಲ. ಮೊದಲನೆಯವನಿಗೆ ಹತ್ತು ಅಂಕ, ಕೊನೆಯವನಿಗೆ ಒಂದು. ಒಬ್ಬರು ಕೈಬಿಟ್ಟರೂ ಸಾಕು, ಆಟಗಾರ ಕೆಳಗೆ ಜಾರುತ್ತಿದ್ದ. ಏಣಿ ಹಾಗೆ ಜಾರಿ ಜಾರಿ ಮೂರನೇ ಸ್ಥಾನದಲ್ಲಿ ಕೂತಿದ್ದ.

ಬರೀ ಮಾನದ ಪ್ರಶ್ನೆಯಾಗಿದ್ದರೆ ಸಂಪಾದಕ ಇಷ್ಟು ಕುದಿಯುತ್ತಿರಲಿಲ್ಲ. ಏಣಿಯ ಕ್ಲಬ್ಬಿನ ಮಾಲೀಕನಿಗೆ ಆಟ ಅರ್ಥವಾಗುತ್ತಿರಲಿಲ್ಲ, ಪೇಪರು ಅರ್ಥವಾಗುತ್ತಿತ್ತು. ತಿಂಗಳ ಕೊನೆಯ ಪಟ್ಟಿಯಲ್ಲಿ ಏಣಿ ಮೊದಲಿದ್ದರೆ ಉಳಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಬೇರೆ ಊರಿನ ತಂಡಕ್ಕೆ ಕೊಟ್ಟುಬಿಡುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದ. ಏಣಿಯ ಬಗ್ಗೆ ಮೊಟ್ಟಮೊದಲು ಬರೆದವನು ಈ ಸಂಪಾದಕ. ಅಂಥ ಆಟ ಊರಿನಲ್ಲಿರಬೇಕು, ಕಣ್ಣೆದುರು ನಡೆಯಬೇಕು. ಅದೊಂದೇ ಅವನ ಆಸೆ.

ಹಾಗೆಂದು ಆಟಗಾರರನ್ನು ತಲೆ ಮೇಲೆ ಕೂರಿಸಿಕೊಳ್ಳುವ ಜಾಯಮಾನ ಅವನದಲ್ಲ. ಆಟಗಾರನ ಜೊತೆ ಕೂತು ಊಟ ಮಾಡಿದ ತಪ್ಪಿಗೆ ಒಬ್ಬ ವರದಿಗಾರನನ್ನು ಕೆಲಸದಿಂದಲೇ ಕಿತ್ತುಹಾಕಿದ್ದ. ಕಾಮೆಂಟರಿಯವ ಹಿಂದೆ ತನ್ನ ಅಕ್ಕನ ಮಗನಿಗೆ ಮೊದಲ ಸ್ಥಾನ ಕೊಟ್ಟಾಗ ಆ ಚೀಟಿಯನ್ನು ಎಲ್ಲರೆದುರು ಚೂರುಚೂರು ಮಾಡಿದ್ದ. ನಮ್ಮವರ ಹೆಸರು ನಾವೇ ಬರೆದುಕೊಳ್ಳುವುದಾದರೆ ಮದುವೆ ಕಾಗದ ಅಚ್ಚು ಹಾಕಿಸೋಣ, ಪೇಪರ್ ಯಾಕೆ ಎಂದಿದ್ದ. ಆ ಅಕ್ಕನ ಮಗ ಆಟ ಬಿಟ್ಟು ಟಯರ್ ಅಂಗಡಿ ಇಟ್ಟರೂ ಕಾಮೆಂಟರಿಯವನ ಮುನಿಸು ಇಳಿದಿರಲಿಲ್ಲ.

ಆದರೆ ಸಂಪಾದಕನ ಗುಮಾನಿ ಅವನ ಮೇಲಲ್ಲ, ರೆಫರಿಯ ಮೇಲೆ. ಕಳೆದ ಸೀಸನ್ನಿನಲ್ಲಿ ಏಣಿ ತುಂಬಿದ ಸ್ಟೇಡಿಯಮ್ಮಿನಲ್ಲಿ ರೆಫರಿಯನ್ನು ಕುರುಡ ಎಂದಿದ್ದ. ಅದಾದ ಮೇಲೇ ಮುದುಕ ಸೀಟಿ ಕೆಳಗಿಟ್ಟಿದ್ದು. ಇನ್ನೇನು ಸಾಕ್ಷಿ ಬೇಕು?

ಸಭೆ ಮುಗಿದ ಮೇಲೆ ಸಂಪಾದಕ, ಏಣಿ ಕೈತಪ್ಪಿ ಹೋಗುತ್ತಾನೆ ಎಂದು ಮಗಳ ಮುಂದೆ ಗೊಣಗಿದ. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು. ಕಚೇರಿಯಲ್ಲಿ ಅವಳಿಗೆ ಅವನು ಸರ್, ಅಪ್ಪ ಅಲ್ಲ.

“ಅವರನ್ನ ಬಿಟ್ಟುಕೊಟ್ರೆ, ಸರ್, ಯಾವ ಊರಿಗೆ ಕಳಿಸ್ತಾರೆ?”

“ಎಲ್ಲೋ ಸಮುದ್ರದ ದಂಡೆಗೆ. ಊರು ಕಟ್ಕೊಂಡು ನಿನಗೇನಾಗಬೇಕು? ಹೋಗದ ಹಾಗೆ ನೋಡ್ಕೊಳ್ಳೋಣ.”

ಮುಂದಿನ ವಾರ ಏಣಿ ಹುಚ್ಚು ಹಿಡಿದವನಂತೆ ಆಡಿದ. ಎದುರಾಳಿಗಳು ಅವನನ್ನು ತಡೆಯಲಾಗದೆ ಒಬ್ಬರನ್ನೊಬ್ಬರು ಬೈದುಕೊಂಡರು. ತಿಂಗಳ ಕೊನೆಯ ಚೀಟಿಗಳನ್ನು ಸಂಪಾದಕ ಒಂದೊಂದಾಗಿ ಬಿಡಿಸಿದ. ಏಣಿ ಮೊದಲು. ಏಣಿ ಮೊದಲು. ಏಣಿ ಮೊದಲು. ನಾಲ್ಕನೆಯದರಲ್ಲಿ ಮತ್ತೆ ಇಲ್ಲ.

ಸಂಪಾದಕ ಎದ್ದು ನಿಂತ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದದ್ದೆಲ್ಲ ಹೊರಗೆ ಬಂತು. ಹುಡುಗ ಬಿಸಿರಕ್ತದಲ್ಲಿ ಆಡಿದ ಒಂದು ಮಾತಿಗೆ ಅವನ ಬದುಕನ್ನೇ ಬುಡಮೇಲು ಮಾಡುವುದೇ, ವಯಸ್ಸಾದರೆ ಸಾಕೇ, ಮನಸ್ಸು ದೊಡ್ಡದಾಗುವುದು ಬೇಡವೇ ಎಂದು ರೆಫರಿಯ ಮುಖದ ಮೇಲೇ ಕೇಳಿದ. ಮುದುಕ ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡ.

“ಬೈಸಿಕೊಂಡಿದ್ದು ನಿಜ. ಆದರೆ ಕಣ್ಣು ಚೆನ್ನಾಗೇ ಕಾಣಿಸುತ್ತೆ. ನನ್ನ ಚೀಟೀಲಿ ನಾಲ್ಕು ವಾರವೂ ಅವನೇ ಮೊದಲು.”

ನಂಬಿದವರ್ಯಾರು? ರೆಫರಿ ಇನ್ನು ಮೇಲೆ ಬರುವುದಿಲ್ಲ ಎಂದು ಹೇಳಿ ಹೊರಟುಹೋದ. ಬಡಪಾಯಿ ಕಾಮೆಂಟರಿಯವ ಅವನನ್ನು ಸಮಾಧಾನ ಮಾಡುತ್ತ ಹಿಂದೆಯೇ ಓಡಿದ. ಪಟ್ಟಿ ನಿಯಮದಂತೆ ಅಚ್ಚಾಯಿತು: ಏಣಿ ಮೂರನೆಯವನು.

ಮರುದಿನ ಮಧ್ಯಾಹ್ನ ಸುದ್ದಿ ಬಂತು. ಮಾಲೀಕ ಪೇಪರು ಓದಿ, ಏಣಿಯನ್ನು ಸಮುದ್ರದ ದಂಡೆಯ ತಂಡಕ್ಕೆ ಕೊಟ್ಟುಬಿಟ್ಟಿದ್ದ. ಸಂಪಾದಕ ಫೋನಿಟ್ಟು ಕುರ್ಚಿಯಲ್ಲಿ ಕುಸಿದ. ಅಳು ಬರುವಷ್ಟು ಸಂಕಟವಾಗುತ್ತಿತ್ತು. ಅಷ್ಟರಲ್ಲಿ ಮಗಳು ಒಳಗೆ ಬಂದು, ಈ ವಾರದ ಕೊನೆಗೆ ತಾನೂ ಕೆಲಸ ಬಿಡುತ್ತೇನೆ ಎಂದಳು.

ಅವನ ಎದೆ ತುಂಬಿ ಬಂತು. ಅನ್ಯಾಯ ಕಂಡು ಕೈಕಟ್ಟಿ ಕೂರದವಳು ಒಬ್ಬಳಾದರೂ ಇದ್ದಾಳಲ್ಲ, ಅದೂ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು! ನೀನ್ಯಾಕೆ ಬಿಡಬೇಕು, ಆ ಮುದುಕನಿಗೆ ಬುದ್ಧಿ ಕಲಿಸೋಣ ಎಂದ.

“ಅವರನ್ನ ಬೈಬೇಡಿ. ಹೋಗಿ ಕ್ಷಮೆ ಕೇಳಿ. ಆ ಚೀಟಿ ನಂದು.”

ಸಂಪಾದಕನಿಗೆ ಒಂದು ಕ್ಷಣ ಕಿವಿಯೇ ಕೆಟ್ಟಿದೆ ಅನ್ನಿಸಿತು.

“ನಿಂದಾ? ನಾಲ್ಕು ವಾರವೂ? ಅವನೇನು ಮಾಡಿದ್ದನೇ ನಿನಗೆ?”

ಅವಳ ಕಣ್ಣಲ್ಲಿ ನೀರು ನಿಂತಿತ್ತು. ಹೇಳಲು ಧೈರ್ಯ ಬರಲಿಲ್ಲ, ಹೇಳದೆ ಅವನ ಹೆಸರು ಬರೆಯಲು ಮನಸ್ಸೂ ಬರಲಿಲ್ಲ ಎಂದಳು.

“ಕಟ್ಟಿಕೊಂಡ ಗಂಡನಿಗೆ ಮೊದಲ ಸ್ಥಾನ ಕೊಟ್ಟಿದ್ರೆ, ಆ ಚೀಟೀನ ನೀವೇ ಹರಿದು ಹಾಕ್ತಿದ್ರಲ್ಲಪ್ಪ.”